ಎಸ್ಪ್ರೆಸೊ ಯಂತ್ರದ ಕಂಠ: ಅದರ ಕೊಳೆ, ಅದರ ಶುಚಿ

ನಮ್ಮ ಮನೆಗಳಲ್ಲಿ ಕಾಫಿ ಫಿಲ್ಟರನ್ನು ತೊಳೆಯುವುದು ಯಾರೂ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಮೇಲಿನ ಪಾತ್ರೆಯನ್ನು ಬೋರಲು ಮಾಡಿ, ಚರಟವನ್ನು ತಟ್ಟಿ ಉದುರಿಸಿ, ಎರಡು ಚೊಂಬು ನೀರು ಹುಯ್ದು ಉಜ್ಜಿದರೆ ಕೆಲಸ ಮುಗಿಯಿತು. ರಂಧ್ರಗಳು ಕಟ್ಟಿಕೊಂಡಿವೆಯೋ ಇಲ್ಲವೋ ಎಂಬುದನ್ನು ಬೆಳಕಿಗೆ ಹಿಡಿದು ನೋಡಬಹುದು. ಕಟ್ಟಿಕೊಂಡಿದ್ದರೆ ಒಲೆಯ ಮೇಲೆ ಕೊಂಚ ಕಾಯಿಸಿ ಕೊಡವಬಹುದು. ಅದರಲ್ಲಿ ಕಣ್ಣಿಗೆ ಕಾಣದ ಭಾಗವೆಂಬುದೇ ಇಲ್ಲ.

ಈಚಿನ ವರ್ಷಗಳಲ್ಲಿ ಪಟ್ಟಣಗಳ ಕೆಲವು ಅಡಿಗೆಮನೆಗಳಿಗೆ ಬಂದಿರುವ ಎಸ್ಪ್ರೆಸೊ ಯಂತ್ರದ ವಿಷಯ ಹಾಗಲ್ಲ. ಅದು ಹೊರಗೆ ಥಳಥಳಿಸುತ್ತಿರುವಾಗಲೂ ಒಳಗೆ ಕೊಳೆಯಾಗಿರಬಲ್ಲದು. ಇದನ್ನು ನಾನು ಪುಸ್ತಕದಿಂದ ಅರಿತವನಲ್ಲ. ನಮ್ಮ ಮನೆಗೆ ಯಂತ್ರವನ್ನು ತಂದು ಏಳೆಂಟು ತಿಂಗಳಾಗಿತ್ತು. ಪ್ರತಿದಿನವೂ ಅದರ ಮೈಯನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದೆ. ಅಷ್ಟರಿಂದಲೇ ಅದು ಶುಚಿಯಾಗಿದೆಯೆಂದು ನಂಬಿದ್ದೆ. ಒಂದು ಬೆಳಿಗ್ಗೆ ಗುಂಡಿಯನ್ನು ಒತ್ತಿದರೆ ಪಂಪು ಮೊರೆಯಿತೇ ಹೊರತು ಕಾಫಿ ತೊಟ್ಟಿಕ್ಕಲಿಲ್ಲ. ಪುಡಿ ಅತಿ ನುಣ್ಣಗಾಗಿರಬೇಕೆಂದುಕೊಂಡು ಯಂತ್ರವನ್ನು ನಿಲ್ಲಿಸಿ, ಹಿಡಿಯನ್ನು ತಿರುಗಿಸಿದೆ. ಒಡನೆಯೇ ಬಿಸಿ ಚರಟ ಸಿಡಿದು ನನ್ನ ಮುಂಗೈಗೂ ಎದುರಿನ ಗೋಡೆಗೂ ಬಡಿಯಿತು. ದ್ರವಗಳ ಒತ್ತಡವನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸುವವನಿಗೆ ಒದಗಿದ ಈ ಅವಮಾನ, ಕೈಮೇಲಿನ ಬೊಬ್ಬೆಗಿಂತ ಹೆಚ್ಚಾಗಿ ಉರಿಯಿತು. ಹೀಗೇಕಾಯಿತು, ಆಗದಂತೆ ತಡೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಒತ್ತಡದ ಲೆಕ್ಕ

ಫಿಲ್ಟರಿನಲ್ಲಿ ನೀರನ್ನು ಪುಡಿಯ ಮೂಲಕ ಇಳಿಸುವುದು ಭೂಮಿಯ ಆಕರ್ಷಣೆ ಒಂದೇ. ಪುಡಿಯ ಮೇಲೆ ೧೦ ಸೆಂಟಿಮೀಟರ್ ಎತ್ತರದ ನೀರು ನಿಂತಿದ್ದರೂ ಅದು ಉಂಟುಮಾಡುವ ಒತ್ತಡ ವಾಯುಭಾರದ ನೂರರಲ್ಲಿ ಒಂದು ಪಾಲು ಮಾತ್ರ. ಆದುದರಿಂದಲೇ ಡಿಕಾಕ್ಷನ್ ಇಳಿಯಲು ಕಾಲು ಗಂಟೆಯೋ ಅರ್ಧ ಗಂಟೆಯೋ ಹಿಡಿಯುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ಸುಮಾರು ೯೦ರಿಂದ ೯೬ ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರನ್ನು ೯ ವಾಯುಭಾರಗಳಷ್ಟು ಒತ್ತಡದಿಂದ ನುಣುಪಾದ ಪುಡಿಯ ಮೂಲಕ ನುಗ್ಗಿಸಲಾಗುತ್ತದೆ. ಎಂದರೆ ಫಿಲ್ಟರಿನ ಒಂಬೈನೂರು ಪಟ್ಟು ಒತ್ತಡ! ೨೫ರಿಂದ ೩೦ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ.

ಈ ಸ್ಥಿತಿಗೆ ಯಂತ್ರ ಒಮ್ಮೆಲೇ ಬಂದುದಲ್ಲ. ಇಟಲಿಯ ತೂರಿನ್ ನಗರದ ಆಂಜೆಲೊ ಮೊರಿಯೊಂಡೊ ೧೮೮೪ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ೧೯೦೧ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದು ಬಟ್ಟಲಿಗೆ ಬೇರೆಬೇರೆಯಾಗಿ ಕಾಫಿ ಇಳಿಸುವ ವ್ಯವಸ್ಥೆಗೆ ಪೇಟೆಂಟು ಪಡೆದನು. ಇವುಗಳಲ್ಲಿ ಹಬೆಯ ಒತ್ತಡ ಅಲ್ಪವಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಅಕಿಲ್ಲೆ ಗಾಜ್ಜಿಯಾನ ಸನ್ನೆಕೋಲಿನ ಯಂತ್ರಗಳು ಕೊಂತದ ಬಲದಿಂದ ಒತ್ತಡವನ್ನು ಎಂಟು ಹತ್ತು ವಾಯುಭಾರಗಳಿಗೆ ಏರಿಸಿದವು. ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡದ್ದು ಆಗಲೇ. ೧೯೬೧ರಲ್ಲಿ ಫಯೇಮಾ ಸಂಸ್ಥೆ ಕೈಬಲದ ಬದಲಿಗೆ ವಿದ್ಯುತ್ ಪಂಪನ್ನು ಬಳಸಿದ ಯಂತ್ರವನ್ನು ಹೊರತಂದಿತು. ಅದರ ಹೆಸರು 'ಇ೬೧'. ಆ ವರ್ಷದ ಫೆಬ್ರವರಿ ೧೫ರಂದು ಇಟಲಿಯಲ್ಲಿ ಕಂಡ ಪೂರ್ಣ ಸೂರ್ಯಗ್ರಹಣದ ನೆನಪಿಗಾಗಿ ಇಟ್ಟ ಹೆಸರದು.

ಈಗ ಒಂದು ಚಿಕ್ಕ ಲೆಕ್ಕ. ಪುಡಿ ತುಂಬುವ ಬಟ್ಟಲಿನ ವ್ಯಾಸ ಅನೇಕ ಯಂತ್ರಗಳಲ್ಲಿ ೫೮ ಮಿಲಿಮೀಟರ್. ಅದರ ಬಾಯಿಯ ವಿಸ್ತೀರ್ಣ ಸುಮಾರು ೨೬ ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿನ ಮೇಲೆ ೯ ಕಿಲೋಗ್ರಾಂ ಭಾರಕ್ಕಿಂತ ತುಸು ಹೆಚ್ಚು ಎಂದಿಟ್ಟುಕೊಂಡರೆ, ಒಟ್ಟು ಬಲ ಸುಮಾರು ೨೪೦ ಕಿಲೋಗ್ರಾಂ ಭಾರಕ್ಕೆ ಸಮ. ನಾಲ್ಕು ಜನರು ಒಟ್ಟಾಗಿ ಆ ಪುಟ್ಟ ಬಟ್ಟಲಿನ ಮೇಲೆ ನಿಂತಂತೆ! ಆ ಬೆಳಿಗ್ಗೆ ನಾನು ಒಂದು ಕೈಯಿಂದ ತೆಗೆಯಲು ಹೋದದ್ದು ಇಂಥ ಬಲವನ್ನು ತಡೆದು ನಿಲ್ಲಿಸುವ ಬೀಗವನ್ನು.

ಕಂಠದ ರಚನೆ

ನೀರೂ ಪುಡಿಯೂ ಕೂಡುವ ಭಾಗಕ್ಕೆ 'ಬ್ರೂ ಗ್ರೂಪ್' ಎಂದು ಹೆಸರು. ಯಂತ್ರದ ಹೊಟ್ಟೆಯಾದ ಬಾಯ್ಲರಿಗೂ ಹೊರಗಿನ ಬಟ್ಟಲಿಗೂ ನಡುವೆ ಇರುವ ಇದನ್ನು ಯಂತ್ರದ ಕಂಠವೆಂದು ಕರೆಯೋಣ. ಮೇಲಿನಿಂದ ಕೆಳಕ್ಕೆ ಅದರ ಭಾಗಗಳು ಹೀಗಿವೆ. ಮೊದಲು ನೀರು ಬರುವ ದಾರಿಯುಳ್ಳ ದಪ್ಪ ಲೋಹದ ತಲೆ. ಅದರ ಅಡಿಯಲ್ಲಿ ನೀರನ್ನು ಎಲ್ಲ ಕಡೆಗೂ ಸಮನಾಗಿ ಹರಡುವ ಸಣ್ಣ ರಂಧ್ರಗಳ ಜಾಲರಿಬಿಲ್ಲೆ. ಬಿಲ್ಲೆಯ ಸುತ್ತ ರಬ್ಬರಿನ ಅಥವಾ ಸಿಲಿಕೋನಿನ ಗ್ಯಾಸ್ಕೆಟ್. ನಮ್ಮ ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿರುವುದು ಇದರ ಬಂಧುವೇ. ಕೆಳಗೆ, ತಿರುಗಿಸಿ ಬೀಗ ಹಾಕುವಂಥ, ಹಿಡಿಯುಳ್ಳ ಬಟ್ಟಲು. ಇದನ್ನು ಪೋರ್ಟಾಫಿಲ್ಟರ್ ಎನ್ನುತ್ತಾರೆ. ನಾವು 'ಹಿಡಿಬಟ್ಟಲು' ಎನ್ನೋಣ. ಪುಡಿಯನ್ನು ತುಂಬುವ, ತಳದಲ್ಲಿ ರಂಧ್ರಗಳುಳ್ಳ ಒಳಬಟ್ಟಲು ಇದರೊಳಗೆ ಕೂರುತ್ತದೆ.

ಇನ್ನೊಂದು ಭಾಗ ಹೊರಗೆ ಕಾಣುವುದಿಲ್ಲ. ಆದರೆ ನಮ್ಮ ಕಥೆಯಲ್ಲಿ ಮುಖ್ಯವಾದುದು ಅದೇ. ಅದು ಮೂರು ದಾರಿಯ ಕವಾಟ. ಒಂದು ದಾರಿ ಬಾಯ್ಲರಿಗೆ, ಇನ್ನೊಂದು ಕಂಠಕ್ಕೆ, ಮೂರನೆಯದು ಕೆಳಗಿನ ತಟ್ಟೆಗೆ. ಪಂಪು ನಡೆಯುತ್ತಿರುವಾಗ ವಿದ್ಯುತ್ಕಾಂತವು ಕವಾಟವನ್ನು ಎಳೆದು ಮೊದಲ ಎರಡು ದಾರಿಗಳನ್ನು ಕೂಡಿಸುತ್ತದೆ. ಪಂಪು ನಿಂತೊಡನೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳಿ ಬಾಯ್ಲರಿನ ದಾರಿಯನ್ನು ಮುಚ್ಚುತ್ತದೆ. ಕಂಠವನ್ನು ತಟ್ಟೆಯ ದಾರಿಗೆ ತೆರೆಯುತ್ತದೆ. ಆಗ 'ಪುಸ್' ಎಂಬ ಸದ್ದಿನೊಡನೆ ಕೊಂಚ ನೀರು ತಟ್ಟೆಗೆ ಸುರಿಯುತ್ತದೆ. ಕಂಠದೊಳಗಿನ ಒತ್ತಡ ಹೊರಗಿನ ವಾಯುಭಾರಕ್ಕೆ ಇಳಿಯಿತೆಂಬುದಕ್ಕೆ ಆ ಸದ್ದೇ ಸಾಕ್ಷಿ.

ಕೊಳೆ ಒಳಗೆ ಹೋಗುವ ಬಗೆ

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳಬೇಕು. ನೀರು ಮೇಲಿನಿಂದ ಕೆಳಕ್ಕೆ ಹರಿಯುವಾಗ ಪುಡಿಯ ಕೊಳೆ ಮೇಲಿರುವ ಕವಾಟವನ್ನು ಸೇರುವುದು ಹೇಗೆ?

ಉತ್ತರ ಆ 'ಪುಸ್' ಸದ್ದಿನಲ್ಲಿಯೇ ಇದೆ. ಪಂಪು ನಿಂತಾಗ ಪುಡಿಯ ಮೇಲೆ ಒತ್ತಡಕ್ಕೆ ಸಿಕ್ಕಿದ ನೀರು ನಿಂತಿರುತ್ತದೆ. ಕೆಳಗೆ ಬಿಗಿಯಾದ ಪುಡಿ. ಮೇಲೆ ಈಗ ತಾನೇ ತೆರೆದ ಸರಾಗವಾದ ದಾರಿ. ನೀರು ಮೇಲಕ್ಕೇ ಹಿಂದಿರುಗುತ್ತದೆ. ಹಿಂದಿರುಗುವಾಗ ಪುಡಿಯ ನವಿರಾದ ಕಣಗಳನ್ನೂ ಎಣ್ಣೆಯ ಹನಿಗಳನ್ನೂ ಜೊತೆಗೆ ಒಯ್ಯುತ್ತದೆ. ಜಾಲರಿಬಿಲ್ಲೆಯ ಹಿಂಬದಿ, ತಲೆಯ ಒಳದಾರಿ, ಕವಾಟದ ಸಣ್ಣ ರಂಧ್ರ ಇವೆಲ್ಲವನ್ನೂ ಅದು ಹಾದುಹೋಗುತ್ತದೆ. ಪ್ರತಿಯೊಂದು ಬಟ್ಟಲು ಕಾಫಿಗೂ ಒಂದೊಂದು ಸಲ ಹೀಗಾಗುತ್ತದೆ. ಒಂದು ದಿನಕ್ಕೆ ಕಾಣದಷ್ಟು ಅಲ್ಪವಾದ ಈ ಗಸಿ ತಿಂಗಳುಗಟ್ಟಲೆ ಕೂಡಿದರೆ ರಂಧ್ರವೇ ಮುಚ್ಚಿಹೋಗುತ್ತದೆ. ನನ್ನ ಯಂತ್ರದಲ್ಲಿ ಆದದ್ದು ಇದೇ. ಪಂಪು ನಿಂತಿತು, ಆದರೆ 'ಪುಸ್' ಸದ್ದು ಬರಲಿಲ್ಲ. ಒತ್ತಡ ಒಳಗೇ ಉಳಿದಿತ್ತು. ಅದನ್ನು ನಾನು ಗಮನಿಸಲಿಲ್ಲ.

ಆದುದರಿಂದ ಮೊದಲ ನಿಯಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಆ ಸದ್ದು ಕೇಳದಿದ್ದರೆ ಹಿಡಿಬಟ್ಟಲನ್ನು ಮುಟ್ಟಬಾರದು. ಯಂತ್ರವನ್ನು ಆರಿಸಿ ಪೂರ್ತಿ ತಣ್ಣಗಾಗಲು ಬಿಟ್ಟರೆ ಒತ್ತಡ ಪುಡಿಯ ಮೂಲಕ ಮೆಲ್ಲಮೆಲ್ಲನೆ ಸೋರಿ ಇಳಿಯುತ್ತದೆ. ಅನಂತರವೂ ದಪ್ಪ ಬಟ್ಟೆ ಹಿಡಿದು, ಮುಖವನ್ನು ದೂರವಿಟ್ಟು, ನಿಧಾನವಾಗಿ ತಿರುಗಿಸಬೇಕು.

ಹಾಲನ್ನು ಹಬೆಯಿಂದ ಕಾಯಿಸಿದೊಡನೆ ಹಿಡಿಬಟ್ಟಲನ್ನು ತೆಗೆಯುವಾಗಲೂ ಎಚ್ಚರ ಬೇಕು. ಒಂದೇ ಬಾಯ್ಲರುಳ್ಳ ಯಂತ್ರಗಳಲ್ಲಿ ಆಗ ನೀರಿನ ಉಷ್ಣತೆ ೧೨೦ ಡಿಗ್ರಿಯನ್ನೂ ಮೀರಿರುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ೯೭ ಡಿಗ್ರಿಯಲ್ಲಿಯೇ ಕುದಿಯುತ್ತದೆ. ೧೨೦ ಡಿಗ್ರಿಯ ನೀರನ್ನು ಹೊರಗೆ ಬಿಟ್ಟರೆ ಅದರ ಒಂದು ಭಾಗ ಕ್ಷಣದಲ್ಲಿ ಹಬೆಯಾಗಲೇಬೇಕು. ಒಂದು ಗ್ರಾಂ ನೀರು ಹಬೆಯಾದಾಗ ಒಂದೂವರೆ ಲೀಟರಿಗಿಂತಲೂ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದ್ದರಿಂದ ಹಬೆಯ ಕೆಲಸ ಮುಗಿದ ಮೇಲೆ ಕೊಂಚ ನೀರನ್ನು ಹರಿಸಿ ಯಂತ್ರವನ್ನು ತಣಿಸಬೇಕು.

ಕೊಳೆಗಳು ಮೂರು

ಕಂಠದಲ್ಲಿ ಸೇರುವ ಕೊಳೆ ಒಂದೇ ಬಗೆಯದಲ್ಲ. ಬಗೆಯರಿಯದೆ ತೊಳೆಯಹೊರಟವನು ಶ್ರಮಪಟ್ಟರೂ ಫಲ ಕಾಣುವುದಿಲ್ಲ.

ಮೊದಲನೆಯದು ಪುಡಿಯ ಕಣಗಳು. ಇವು ನೀರಿನಲ್ಲಿ ಕರಗವು. ಆದರೆ ಹರಿಯುವ ನೀರಿಗೂ ಕುಂಚಕ್ಕೂ ಬಿಟ್ಟುಬರುತ್ತವೆ.

ಎರಡನೆಯದು ಎಣ್ಣೆಯ ಜಿಡ್ಡು. ಅರೇಬಿಕಾ ಕಾಫಿಯ ಬೀಜದ ತೂಕದಲ್ಲಿ ಶೇಕಡ ೧೫ರ ಆಸುಪಾಸು ಎಣ್ಣೆಯೇ ಇದೆ. ಒತ್ತಡದ ನೀರು ಇದರ ಸ್ವಲ್ಪ ಭಾಗವನ್ನು ಹನಿಹನಿಯಾಗಿ ಹೊರತರುತ್ತದೆ. ಎಸ್ಪ್ರೆಸೊ ನಾಲಿಗೆಗೆ ಗಟ್ಟಿಯಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಆದರೆ ಲೋಹಕ್ಕೆ ಅಂಟಿ ಉಳಿದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟಾಗುತ್ತದೆ. ಉಷ್ಣತೆ ೧೦ ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬ ಸ್ಥೂಲ ನಿಯಮವನ್ನು ನೀವು ಓದಿರಬಹುದು. ಆ ಲೆಕ್ಕದಲ್ಲಿ ೨೫ ಡಿಗ್ರಿಯ ಡಬ್ಬದಲ್ಲಿರುವ ಎಣ್ಣೆಗಿಂತ ೮೫ ಡಿಗ್ರಿಯ ಕಂಠದಲ್ಲಿರುವ ಎಣ್ಣೆ ಅರವತ್ತು ಪಟ್ಟು ಬೇಗ ಕೆಡಬೇಕು! ಒಳ್ಳೆಯ ಪುಡಿ ಹಾಕಿದರೂ ಕಾಫಿ ಸುಟ್ಟ ವಾಸನೆಯಿಂದ ಕಹಿಯಾಗಿದ್ದರೆ ದೋಷ ಪುಡಿಯದೆನ್ನುವ ಮೊದಲು ಕಂಠವನ್ನು ನೋಡಬೇಕು.

ಮೂರನೆಯದು ಸುಣ್ಣದ ಪದರ. ಇದು ಕಾಫಿಯಿಂದ ಬರುವುದಲ್ಲ, ನೀರಿನಿಂದ ಬರುವುದು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಇಂಗಾಲದ ಡೈಆಕ್ಸೈಡೂ ನೀರೂ ಬೇರ್ಪಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಾಣುವ ಬಿಳಿಯ ಪದರ ಇದೇ.

ಬೂದಿಯೂ ಹುಣಿಸೆಯೂ

ನನ್ನ ಕೈಗೆ ಎಣ್ಣೆ ಹಚ್ಚುತ್ತ ನಮ್ಮ ತಾಯಿಯವರು, "ಅದನ್ನು ಯಾವುದರಲ್ಲಿ ತೊಳೆಯುತ್ತಿದ್ದೀಯಪ್ಪ?" ಎಂದು ಕೇಳಿದರು. ನೀರಿನಲ್ಲಿ ಎಂದೆ. ಅವರು ನಕ್ಕು, "ಜಿಡ್ಡಿಗೆ ಬೂದಿ, ಕಿಲುಬಿಗೆ ಹುಣಿಸೇಹಣ್ಣು. ಬರಿಯ ನೀರಿಗೆ ಯಾವ ಪಾತ್ರೆ ಬೆಳಗೀತು?" ಎಂದರು.

ಇಡೀ ರಸಾಯನಶಾಸ್ತ್ರ ಈ ಮಾತಿನಲ್ಲಿ ಅಡಗಿದೆ. ಸೌದೆಯ ಬೂದಿಯಲ್ಲಿ ಪೊಟಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಜಿಡ್ಡಿನ ಒಂದಂಶವನ್ನು ಸಾಬೂನಾಗಿ ಮಾರ್ಪಡಿಸಿ ನೀರಿಗೆ ಬಿಡುತ್ತದೆ. ಹುಣಿಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಅದು ಹಿತ್ತಾಳೆ ತಾಮ್ರಗಳ ಮೇಲಿನ ಕಿಲುಬನ್ನು ಕರಗಿಸುತ್ತದೆ. ಕಾಫಿ ಯಂತ್ರದಲ್ಲಿಯೂ ಹೀಗೆಯೇ: ಎಣ್ಣೆಗೆ ಕ್ಷಾರ, ಸುಣ್ಣಕ್ಕೆ ಆಮ್ಲ. ಯಂತ್ರವನ್ನು ಶುಚಿಮಾಡಲೆಂದು ಮಾರುವ ಪುಡಿಗಳಲ್ಲಿ ಅನೇಕವು ಸೋಡಿಯಂ ಪರ್ಕಾರ್ಬೊನೇಟನ್ನು ಒಳಗೊಂಡಿರುತ್ತವೆ. ಅದು ಬಿಸಿನೀರಿನಲ್ಲಿ ಸೋಡಿಯಂ ಕಾರ್ಬೊನೇಟ್ ಮತ್ತು ಹೈಡ್ರೊಜನ್ ಪೆರಾಕ್ಸೈಡುಗಳಾಗಿ ಒಡೆಯುತ್ತದೆ. ಮೊದಲನೆಯದು ಜಿಡ್ಡನ್ನು ಬಿಡಿಸುತ್ತದೆ, ಎರಡನೆಯದು ಕಂದುಬಣ್ಣದ ಕಲೆಯನ್ನು ಕಳೆಯುತ್ತದೆ. ಸುಣ್ಣಕ್ಕೆ ಬಳಸುವುದು ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ, ಎಂದರೆ ನಿಂಬೆಯ ಹುಳಿ. ಇವೆರಡನ್ನೂ ಒಟ್ಟಿಗೆ ಹಾಕಿದರೆ ಕೆಲಸ ಇಮ್ಮಡಿಯಾಗುವುದೆಂದು ಯಾರಾದರೂ ಭಾವಿಸಬಹುದು. ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ನಿಷ್ಫಲಗೊಳಿಸುತ್ತವೆ. ಎಣ್ಣೆಯೂ ಹೋಗದು, ಸುಣ್ಣವೂ ಹೋಗದು.

ಹಿಮ್ಮುಖ ತೊಳೆತ

ಕೊಳೆ ಒಳಹೊಕ್ಕ ದಾರಿಯಲ್ಲಿಯೇ ತೊಳೆಯುವ ನೀರನ್ನೂ ಕಳುಹಿಸುವುದು ಈ ವಿಧಾನದ ತಿರುಳು. ಕ್ರಮ ಹೀಗಿದೆ:

೧. ಹಿಡಿಬಟ್ಟಲಿನಲ್ಲಿ ರಂಧ್ರಗಳುಳ್ಳ ಒಳಬಟ್ಟಲಿನ ಬದಲಿಗೆ ರಂಧ್ರವಿಲ್ಲದ ಬಟ್ಟಲನ್ನು ಕೂರಿಸಬೇಕು. ಶುಚಿಮಾಡುವ ಪುಡಿಯನ್ನು ಅರ್ಧ ಟೀ ಚಮಚದಷ್ಟು, ಅಥವಾ ಪೊಟ್ಟಣದ ಮೇಲೆ ಹೇಳಿರುವಷ್ಟು, ಹಾಕಬೇಕು.

೨. ಬೀಗ ಹಾಕಿ ಪಂಪನ್ನು ಸುಮಾರು ೧೦ ಸೆಕೆಂಡು ನಡೆಸಬೇಕು. ನೀರಿಗೆ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ.

೩. ಪಂಪನ್ನು ನಿಲ್ಲಿಸಬೇಕು. ಕವಾಟ ತೆರೆದು ಕ್ಷಾರದ ನೀರು ರಭಸದಿಂದ ಮೇಲಕ್ಕೆ ನುಗ್ಗಿ, ಬಿಲ್ಲೆಯನ್ನೂ ಒಳದಾರಿಯನ್ನೂ ಕವಾಟವನ್ನೂ ತೊಳೆದುಕೊಂಡು ತಟ್ಟೆಗೆ ಬೀಳುತ್ತದೆ. ಹತ್ತು ಸೆಕೆಂಡು ಬಿಟ್ಟು ಮತ್ತೆ ನಡೆಸಬೇಕು. ಹೀಗೆ ಐದು ಸಲ. ತಟ್ಟೆಗೆ ಬೀಳುವ ಕಂದು ನೀರನ್ನು ಮೊದಲ ಸಲ ನೋಡಿದವರು ಅದುವರೆಗೆ ತಾವು ಕುಡಿದುದೇನೆಂದು ಯೋಚಿಸದೆ ಇರಲಾರರು.

೪. ಹಿಡಿಬಟ್ಟಲನ್ನು ತೆಗೆದು ತೊಳೆದು, ಪುಡಿಯಿಲ್ಲದೆ ಬರಿಯ ನೀರಿನಿಂದ ಇದೇ ಕ್ರಮವನ್ನು ಐದಾರು ಸಲ ನಡೆಸಬೇಕು. ಬೀಳುವ ನೀರಿನಲ್ಲಿ ನೊರೆಯೂ ಜಾರುವ ಗುಣವೂ ಇರಬಾರದು. ಬಳಿಕ ಇಳಿಸಿದ ಮೊದಲ ಕಾಫಿಯನ್ನು ಚೆಲ್ಲಬೇಕು.

ಮನೆಯಲ್ಲಿ ದಿನಕ್ಕೆ ಎರಡು ಮೂರು ಬಟ್ಟಲು ಕಾಫಿ ಇಳಿಸುವವರಿಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಪುಡಿ ಹಾಕಿ ತೊಳೆದರೆ ಸಾಕು. ದಿನದ ಕೊನೆಯಲ್ಲಿ ಬರಿಯ ನೀರಿನ ಹಿಮ್ಮುಖ ತೊಳೆತ ಒಂದೆರಡು ಸಲ ನಡೆಯಲಿ. ಪ್ರತಿ ಕಾಫಿಯ ನಂತರ ಕೊಂಚ ನೀರನ್ನು ಹರಿಸಿ ಬಿಲ್ಲೆಯನ್ನು ಒರೆಸುವುದು ಒಂದು ನಿಮಿಷದ ಕೆಲಸ.

ಜಾಲರಿಬಿಲ್ಲೆಯನ್ನು ಆಗಾಗ್ಗೆ ಕಳಚಬೇಕು. ಯಂತ್ರ ತಣ್ಣಗಾಗಿರಬೇಕು, ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿರಬೇಕು. ಅನೇಕ ಯಂತ್ರಗಳಲ್ಲಿ ನಡುವಿನ ತಿರುಪೊಂದನ್ನು ಬಿಚ್ಚಿದರೆ ಬಿಲ್ಲೆ ಕೈಗೆ ಬರುತ್ತದೆ. ಅದನ್ನೂ ಒಳಬಟ್ಟಲನ್ನೂ ಕ್ಷಾರದ ಬಿಸಿನೀರಿನಲ್ಲಿ, ತೆರೆದ ಪಾತ್ರೆಯಲ್ಲಿ, ಅರ್ಧ ಗಂಟೆ ನೆನೆಯಿಟ್ಟು ಕುಂಚದಿಂದ ಉಜ್ಜಬೇಕು. ಹಿಡಿಬಟ್ಟಲಿನ ಲೋಹದ ಭಾಗ ಮಾತ್ರ ಮುಳುಗಲಿ; ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿ ಹೊರಗಿರಲಿ. ಅಲ್ಯೂಮಿನಿಯಮಿನ ಭಾಗಗಳನ್ನು ಕ್ಷಾರದಲ್ಲಿ ನೆನೆಯಿಡಬಾರದು; ಕ್ಷಾರ ಆ ಲೋಹವನ್ನೇ ತಿನ್ನುತ್ತದೆ.

ಗ್ಯಾಸ್ಕೆಟಿನ ಸುತ್ತಲ ತೋಡಿನಲ್ಲಿ ಸೇರಿದ ಚರಟವನ್ನು ಕುಂಚದಿಂದ ಕೀಳಬೇಕು. ಇಲ್ಲದಿದ್ದರೆ ಬಾಯಿ ಸರಿಯಾಗಿ ಮುಚ್ಚದೆ ಅಂಚಿನಿಂದ ನೀರು ಸೋರುತ್ತದೆ. ಶಾಖದಲ್ಲಿ ಇದ್ದು ಇದ್ದು ರಬ್ಬರು ಗಡಸಾಗುತ್ತದೆ. ಹಿಡಿಯನ್ನು ಮೊದಲಿಗಿಂತ ಹೆಚ್ಚು ಬಲದಿಂದ, ಹೆಚ್ಚು ದೂರ ತಿರುಗಿಸಬೇಕಾಗಿ ಬಂದರೆ ಗ್ಯಾಸ್ಕೆಟನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯಬೇಕು. ಬಲವಂತದಿಂದ ಬಿಗಿಯುವುದು ಪರಿಹಾರವಲ್ಲ.

ಸುಣ್ಣದ ವಿಚಾರ

ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದು ಭಾರತೀಯ ಮಾನಕ ಹೇಳುತ್ತದೆ. ಕೊಳವೆಬಾವಿಗಳ ನೀರು ಅನೇಕ ಕಡೆ ಇದಕ್ಕಿಂತ ಗಡಸು. ೨೦೦ ಮಿಲಿಗ್ರಾಮಿನ ನೀರನ್ನೇ ದಿನಕ್ಕೆ ಒಂದು ಲೀಟರಿನಂತೆ ಬಳಸಿದರೂ ವರ್ಷಕ್ಕೆ ೭೩ ಗ್ರಾಂ ಗಡಸು ಪದಾರ್ಥ ಯಂತ್ರವನ್ನು ಹೊಗುತ್ತದೆ. ಅದರಲ್ಲಿ ಕಾಲುಭಾಗ ಮಾತ್ರ ಒಳಗೆ ಕುಳಿತರೂ ಸುಮಾರು ೧೮ ಗ್ರಾಂ ಆಯಿತು. ಕೂದಲೆಳೆಯಂಥ ದಾರಿಗಳುಳ್ಳ ಯಂತ್ರಕ್ಕೆ ಇದು ಅಲ್ಪವಲ್ಲ. ಮೇಲಾಗಿ ಈ ಪದರದ ಶಾಖವಾಹಕತೆ ಹಿತ್ತಾಳೆಯದಕ್ಕಿಂತ ಹತ್ತಾರು ಪಟ್ಟು ಕಡಿಮೆ. ಆದ್ದರಿಂದ ನೀರು ಕಾಯುವುದೂ ತಡವಾಗುತ್ತದೆ.

ಸುಣ್ಣವನ್ನು ಕರಗಿಸುವಾಗ ತಯಾರಕರು ಹೇಳಿದ ಆಮ್ಲವನ್ನು, ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು. ದಪ್ಪವಾಗಿ ಕಟ್ಟಿದ ಪದರ ಚಕ್ಕೆಚಕ್ಕೆಯಾಗಿ ಎದ್ದು ಕವಾಟವನ್ನು ಮುಚ್ಚುವ ಸಂಭವವೂ ಉಂಟು. ಆದ್ದರಿಂದ ಮೊದಲಿನಿಂದಲೇ ಮೆದು ನೀರನ್ನು ಬಳಸುವುದು ಹೆಚ್ಚು ವಿವೇಕದ ಮಾರ್ಗ.

ಎಲ್ಲ ಯಂತ್ರಗಳೂ ಒಂದಲ್ಲ

ಮೇಲೆ ವಿವರಿಸಿದ ಹಿಮ್ಮುಖ ತೊಳೆತ ಮೂರು ದಾರಿಯ ಕವಾಟವುಳ್ಳ ಯಂತ್ರಗಳಿಗೆ ಮಾತ್ರ ಸಲ್ಲುತ್ತದೆ. ಕಡಿಮೆ ಬೆಲೆಯ ಅನೇಕ ಯಂತ್ರಗಳಲ್ಲಿ ಅದು ಇರುವುದಿಲ್ಲ. ಅಂಥವುಗಳಲ್ಲಿ ರಂಧ್ರವಿಲ್ಲದ ಬಟ್ಟಲನ್ನು ಕೂರಿಸಿ ಪಂಪು ನಡೆಸಿದರೆ ಒತ್ತಡಕ್ಕೆ ಹೊರಹೋಗುವ ದಾರಿಯೇ ಇರುವುದಿಲ್ಲ. ನನಗಾದ ಅಪಘಾತವನ್ನು ಬೇಕೆಂದೇ ತಂದುಕೊಂಡಂತೆ! ಆ ಯಂತ್ರಗಳಲ್ಲಿ ಬಿಲ್ಲೆಯನ್ನು ಕಳಚಿ ತೊಳೆಯುವುದೊಂದೇ ಉಪಾಯ. ಕಾಫಿ ಇಳಿದ ಮೇಲೆ ಹಿಡಿಬಟ್ಟಲನ್ನು ತೆಗೆಯುವ ಮೊದಲು ಕೊಂಚ ಕಾಯಲೂ ಬೇಕು.

'ಇ೬೧' ಮಾದರಿಯ ಕಂಠದಲ್ಲಿ ವಿದ್ಯುತ್ ಕವಾಟದ ಬದಲಿಗೆ ಸನ್ನೆಯಿಂದ ತಿರುಗುವ ಕವಾಟಗಳಿವೆ. ಇದನ್ನೂ ಹಿಮ್ಮುಖವಾಗಿ ತೊಳೆಯಬಹುದು. ಆದರೆ ಕ್ಷಾರವನ್ನು ಅತಿಯಾಗಿ ಬಳಸಿದರೆ ಒಳಗಿನ ಕೀಲೆಣ್ಣೆಯೂ ಜಿಡ್ಡೇ ಆದುದರಿಂದ ಅದೂ ತೊಳೆದುಹೋಗಿ ಸನ್ನೆ ಕಿರುಗುಟ್ಟತೊಡಗುತ್ತದೆ. ಗುಂಡಿಯೊತ್ತಿದರೆ ತಾನೇ ಪುಡಿಮಾಡಿ ಕಾಫಿ ಇಳಿಸುವ ಯಂತ್ರಗಳಲ್ಲಿ ಕೆಲವದರ ಕಂಠವನ್ನು ಇಡಿಯಾಗಿ ಹೊರತೆಗೆಯಬಹುದು. ಅದನ್ನು ವಾರಕ್ಕೊಮ್ಮೆ ಹರಿಯುವ ನೀರಿನಲ್ಲಿ ತೊಳೆದು, ಒಣಗಿಸಿ, ಆಗಾಗ್ಗೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನು ಅದರ ಉಂಗುರಗಳಿಗೆ ಸವರಬೇಕು.

ಈ ನಿಯಮಗಳೆಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಒತ್ತಡ ಎಲ್ಲಿ ನಿಂತಿದೆ, ಅದು ಯಾವ ದಾರಿಯಲ್ಲಿ ಹೊರಹೋಗುತ್ತದೆ, ಮುಂದಿರುವ ಕೊಳೆ ಯಾವ ಬಗೆಯದು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ನಿಯಮಗಳು ತಾವಾಗಿ ಹೊಳೆಯುತ್ತವೆ. ಮನೆಯ ಕುಕ್ಕರಿನ ಮುಂದೆ ನಿಂತು ಇವೇ ಪ್ರಶ್ನೆಗಳನ್ನು ಕೇಳಿ ನೋಡಿ. ಅದರ ಸೀಟಿಯ ರಂಧ್ರ ಅನ್ನದ ಗಂಜಿಯಿಂದ ಕಟ್ಟಿಕೊಂಡರೆ ಏನಾದೀತು? ಮುಚ್ಚಳ ತೆಗೆಯುವ ಮೊದಲು ತಾಯಂದಿರು ಸೀಟಿಯನ್ನು ಎತ್ತಿ ನೋಡುವುದೇಕೆ? ನಾನು ಈ ಮಾತನ್ನು ನಿತ್ಯವೂ ಕಣ್ಣಾರೆ ಕಂಡಿದ್ದೆ. ಕಾಫಿ ಯಂತ್ರದ ಮುಂದೆ ನಿಂತಾಗ ಮಾತ್ರ ಅದು ನನ್ನ ನೆನಪಿಗೆ ಬರಲಿಲ್ಲ.